ಶಿವಯೋಗಿ ನೋಡದೆ ಬರೆದ ಸುದ್ದಿ

ಶಿಕಾರಿಪುರದ ಬಸ್ ನಿಲ್ದಾಣದಿಂದ ಐದು ನಿಮಿಷ ನಡೆದರೆ ಸಿಗುವ ಗೊಬ್ಬರದ ಅಂಗಡಿಯೊಂದರ ಮಹಡಿಯಲ್ಲಿ ‘ನೆರೆಹೊರೆ’ ವಾರಪತ್ರಿಕೆಯ ಕಚೇರಿ ಇತ್ತು. ಕಚೇರಿ ಎಂದರೆ ಎರಡು ಮೇಜು, ಒಂದು ಕಬ್ಬಿಣದ ಬೀರು, ಗೋಡೆಗೆ ಒರಗಿಸಿಟ್ಟ ಹಳೆಯ ಸಂಚಿಕೆಗಳು. ನಾಲ್ಕು ಪುಟದ ಪತ್ರಿಕೆ ಗುರುವಾರ ಬೆಳಿಗ್ಗೆ ಅಚ್ಚಾಗಿ ಬಸ್ಸುಗಳಲ್ಲಿ ಸೊರಬ, ಆನವಟ್ಟಿ, ಚಂದ್ರಗುತ್ತಿಗೆ ಹೋಗುತ್ತಿತ್ತು. ಬರೆಯುವುದು, ಜಾಹೀರಾತು ಕೇಳುವುದು, ಕಟ್ಟು ಹೊತ್ತುಕೊಂಡು ಹೋಗಿ ಕಂಡಕ್ಟರ್ ಕೈಗೆ ಕೊಡುವುದು ಎಲ್ಲವೂ ಸಂಪಾದಕ ಶಿವಯೋಗಿಯವರೇ. ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ನಾಲ್ಕನೆಯ ಪುಟದ ಮೂಲೆಯಲ್ಲಿ ಬರುತ್ತಿದ್ದ ಪದಬಂಧ ನನ್ನದು. ಬುಧವಾರ ಸಂಜೆ ಅದನ್ನು ಕೊಡಲು ಹೋದವನು ಚಹಾ ಕುಡಿದು, ಊರಿನ ಸಮಾಚಾರ ಕೇಳಿ ಬರುತ್ತಿದ್ದೆ. ಹಾಗಾಗಿ ಅವರ ಬದುಕನ್ನು ತೀರ ಹತ್ತಿರದಿಂದ ಕಂಡವರಲ್ಲಿ ನಾನೂ ಒಬ್ಬ.

ಅವರು ಪತ್ರಿಕೆ ಶುರು ಮಾಡಿದ್ದಕ್ಕೆ ಕಾರಣ ಕುರಿಗಳು. ಅವರ ತಂದೆ ಮಾರಪ್ಪ ಅಂಬ್ಲಿಗೊಳ ಜಲಾಶಯದ ಹತ್ತಿರದ ಒಂದು ಊರಿನಲ್ಲಿ ಕುರಿ ಸಾಕುತ್ತಿದ್ದರು. ಪಿಯುಸಿ ಮುಗಿಸಿದ ಶಿವಯೋಗಿ ಶಿಕಾರಿಪುರದ ಒಂದು ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿಕೊಂಡಿದ್ದರು. ತೊಂಬತ್ತಾರರ ಮಳೆಗಾಲದಲ್ಲಿ ಆ ಕಡೆಯ ಹಟ್ಟಿಗಳಿಗೆ ರೋಗ ಬಿತ್ತು. ಕುರಿಗಳ ನಾಲಿಗೆ ನೀಲಿಗಟ್ಟಿ, ಬಾಯಿ ಊದಿಕೊಂಡು ಸಾಯತೊಡಗಿದವು. ಯಾವುದೋ ಪತ್ರಿಕೆಯಲ್ಲಿ ಮೂರು ಸಾಲಿನ ಸುದ್ದಿ ಬಂತು. ಮಾರಪ್ಪನವರಿಗೆ ಓದಲು ಬರುತ್ತಿರಲಿಲ್ಲ. ಮಗನಿಂದ ಓದಿಸಿಕೊಂಡು ಅವರು ಕೇಳಿದರಂತೆ:

“ಯಾರಾದ್ರೂ ಬಂದು ಎಣಿಸಿದ್ರೇನೋ? ನಮ್ಮ ಹಟ್ಟ್ಯಾಗೇ ಹದ್ನೆಂಟು ಸತ್ತಾವು. ಊರಿಗೆಲ್ಲಾ ಸೇರಿ ಆರು ಅಂತ ಬರ್ದಾರೆ.”

ಶಿವಯೋಗಿ ರಜೆ ಹಾಕಿ ನಾಲ್ಕು ದಿನ ಹಟ್ಟಿಯಿಂದ ಹಟ್ಟಿಗೆ ನಡೆದು, ಸತ್ತ ಕುರಿಗಳನ್ನು ಎಣಿಸಿದರು. ಇನ್ನೂರ ಮೂವತ್ತೊಂದು. ಮಾಲೀಕರ ಹೆಸರು, ಊರು, ಕುರಿಗಳ ಸಂಖ್ಯೆ ಬರೆದು, ಮುದ್ರಣಾಲಯದಲ್ಲಿ ತಾವೇ ಮೊಳೆ ಜೋಡಿಸಿ, ಒಂದು ಹಾಳೆಯಲ್ಲಿ ಅಚ್ಚು ಹಾಕಿ ಹಂಚಿದರು. ವಾರದೊಳಗೆ ಪಶುವೈದ್ಯರು ಜೀಪಿನಲ್ಲಿ ಬಂದರು. ಆ ಹಾಳೆಯ ಕೊನೆಯಲ್ಲಿ ಅವರು ಒಂದು ಸಾಲು ಹಾಕಿದ್ದರು: ‘ಸ್ಥಳಕ್ಕೆ ಹೋಗಿ ನೋಡಿ ಬರೆದದ್ದು.’ ಮರುವರ್ಷ ‘ನೆರೆಹೊರೆ’ ಶುರುವಾದಾಗ ಪ್ರತಿ ವರದಿಯ ಕೆಳಗೂ ಆ ಸಾಲು ಬಂತು.

ಆ ಸಾಲಿಗೆ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಲ್ಲಿ ಬೆಲೆಯಿತ್ತು. ಒಮ್ಮೆ ನಾಲೆಯ ತೂಬು ಮುರಿದು ಕೆಳಗಿನ ಗದ್ದೆಗಳಿಗೆ ನೀರಿಲ್ಲ ಎಂದು ಒಂದು ಊರಿನವರು ಅರ್ಜಿ ಹಿಡಿದು ಬಂದರು. ಶಿವಯೋಗಿ ಬಸ್ಸಿಳಿದು ಮೂರು ಮೈಲಿ ನಡೆದು ಹೋಗಿ ನೋಡಿದರೆ ತೂಬು ಗಟ್ಟಿಯಾಗಿಯೇ ಇತ್ತು. ಮೇಲಿನ ಗದ್ದೆಯವರು ಕಲ್ಲು, ಚೀಲ ತುರುಕಿ ನೀರು ಕಟ್ಟಿಕೊಂಡಿದ್ದರು. ಇದ್ದದ್ದನ್ನು ಇದ್ದ ಹಾಗೆ ಬರೆದರು. ಮೇಲಿನವರೂ ಕೆಳಗಿನವರೂ ಒಂದು ತಿಂಗಳು ಅವರ ಜೊತೆ ಮಾತು ಬಿಟ್ಟರು. ಆದರೆ ಬರೆದದ್ದು ಸುಳ್ಳು ಎಂದು ಒಬ್ಬರೂ ಹೇಳಲಿಲ್ಲ.

ಅವರ ಹೆಂಡತಿ ಚೌಡೇಶ್ವರಿ ಸೊರಬದ ಕಡೆಯವರು. ಟಿಸಿಎಚ್ ಮುಗಿಸಿದ್ದರೂ ಶಿಕ್ಷಕಿಯ ಕೆಲಸ ಸಿಕ್ಕಿರಲಿಲ್ಲ. ಪತ್ರಿಕೆಯ ಕರಡು ತಿದ್ದುತ್ತಿದ್ದವರು ಅವರೇ. ಅಡುಗೆ ಮುಗಿಸಿ, ಕನ್ನಡಕ ಹಾಕಿಕೊಂಡು, ನಾಲ್ಕೂ ಪುಟಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ನನ್ನ ಪದಬಂಧದಲ್ಲೂ ತಪ್ಪು ಹಿಡಿದಿದ್ದಾರೆ. ಓದುತ್ತಾ ಓದುತ್ತಾ ನಿಲ್ಲಿಸಿ ಗಂಡನನ್ನು ಕೇಳುತ್ತಿದ್ದರು: “ರೀ, ಈ ಸೇತುವೆಗೆ ಬಿರುಕು ಬಿಟ್ಟಿದೆ ಅಂತ ಬರ್ದಿದೀರಲ್ಲ, ಯಾವ ಕಡೆ?” ಶಿವಯೋಗಿ ಹೇಳಬೇಕು. ಹೇಳಲು ಬಾರದಿದ್ದರೆ ಅವರು ಸರಿಯಾಗಿ ನೋಡಿಲ್ಲ ಎಂದರ್ಥ. ಆ ವಾರ ಸುದ್ದಿ ನಿಲ್ಲುತ್ತಿತ್ತು.

ಇಬ್ಬರಿಗೂ ಒಬ್ಬಳೇ ಮಗಳು, ಸುಷ್ಮಿತಾ. ಮದುವೆಯಾಗಿ ದಾವಣಗೆರೆಯಲ್ಲಿದ್ದಳು.

ಎರಡು ಸಾವಿರದ ಹದಿನೆಂಟರ ಕೊನೆಗೆ ಚೌಡೇಶ್ವರಿಯವರ ಮೂತ್ರಪಿಂಡ ಕೈಕೊಟ್ಟಿತು. ವಾರಕ್ಕೆ ಎರಡು ಸಲ ಶಿವಮೊಗ್ಗಕ್ಕೆ ಡಯಾಲಿಸಿಸ್‌ಗೆ ಹೋಗಬೇಕು. ಮಂಗಳವಾರ ಮತ್ತು ಶುಕ್ರವಾರ ಬೆಳಗಿನ ಬಸ್ಸಿಗೆ ಇಬ್ಬರೂ ಹೋಗಿ ಸಂಜೆ ಬರುತ್ತಿದ್ದರು. ಬಸ್ಸಿನಲ್ಲಿ ಚೌಡೇಶ್ವರಿ ಕಿಟಕಿಗೆ ಒರಗಿ ಕರಡು ಓದುವುದು, ಶಿವಯೋಗಿ ಪಕ್ಕದಲ್ಲಿ ಕುಳಿತು ತಿದ್ದುವುದು. ಹೀಗೆ ಐದಾರು ತಿಂಗಳು ಪತ್ರಿಕೆ ಒಂದು ವಾರವೂ ತಪ್ಪಲಿಲ್ಲ.

ಮರುವರ್ಷ ಜೂನ್‌ನಲ್ಲಿ ಚೌಡೇಶ್ವರಿಯವರಿಗೆ ಸೋಂಕು ತಗುಲಿ ಜ್ವರ ಏರಿತು. ಆಸ್ಪತ್ರೆಗೆ ಸೇರಿಸಿಕೊಂಡರು. ಶಿವಯೋಗಿ ವಾರ ಪೂರ್ತಿ ಅಲ್ಲೇ ಇದ್ದರು. ಮಂಗಳವಾರ ಮಧ್ಯಾಹ್ನ ಅವರ ಮೊಬೈಲಿಗೆ ಒಂದು ಫೋಟೊ ಬಂತು. ಕಳಿಸಿದವನು ಗುರುಪ್ರಕಾಶ್, ಸೊರಬದಿಂದ ಆಗಾಗ ಸುದ್ದಿ ಕೊಡುತ್ತಿದ್ದ ಯುವಕ. ಚಂದ್ರಗುತ್ತಿ ಕಡೆಯ ಒಂದು ಸಣ್ಣ ಊರಿನ ಅಂಗನವಾಡಿ ಕಾರ್ಯಕರ್ತೆ ಈಶ್ವರಮ್ಮ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಎರಡು ಟ್ರೇ ಮೊಟ್ಟೆ ಇಡುತ್ತಿದ್ದಾರೆ. ಮಕ್ಕಳ ಮೊಟ್ಟೆ ಮಾರಾಟ ಆಗ್ತಿದೆ ಎಂದು ಕೆಳಗೆ ಬರೆದಿತ್ತು. ಆ ಊರಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಅಚ್ಚಾದದ್ದೇ ಸಾಕು.

ಶಿವಯೋಗಿ ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ಆ ಕಡೆಯ ಇಬ್ಬರು ಪರಿಚಯದವರಿಗೆ ಫೋನ್ ಮಾಡಿದರು. “ಹೌದಂತೆ, ಹಂಗೇ ಮಾತಾಡ್ತಿದಾರೆ” ಎಂದರು ಇಬ್ಬರೂ. ಈಶ್ವರಮ್ಮನ ನಂಬರಿಗೆ ಎರಡು ಸಲ ಪ್ರಯತ್ನಿಸಿದರು. ಸಿಗಲಿಲ್ಲ. ಆ ವಾರದ ಮೊದಲ ಪುಟದಲ್ಲಿ ಅರ್ಧ ಖಾಲಿ ಇತ್ತು. ಬೆಂಚಿನ ಮೇಲೆ ಕುಳಿತು ಮೊಬೈಲಿನಲ್ಲೇ ವರದಿ ಬರೆದು, ಶಿಕಾರಿಪುರದಲ್ಲಿ ಪುಟ ಜೋಡಿಸುತ್ತಿದ್ದ ನಾಗೇಶನಿಗೆ ಕಳಿಸಿದರು. ‘ಅಂಗಡಿ ಸೇರಿತು ಮಕ್ಕಳ ಮೊಟ್ಟೆ’ ಎಂಬ ತಲೆಬರಹ. ಫೋಟೊ ದೊಡ್ಡದಾಗಿ ಬಂತು. ನಾಗೇಶ ಎಂದಿನಂತೆ ಕೆಳಗೆ ಆ ಸಾಲನ್ನೂ ಜೋಡಿಸಿದ್ದ: ‘ಸ್ಥಳಕ್ಕೆ ಹೋಗಿ ನೋಡಿ ಬರೆದದ್ದು.’

ಚೌಡೇಶ್ವರಿ ಆ ವಾರ ಕರಡು ಓದುವ ಸ್ಥಿತಿಯಲ್ಲಿರಲಿಲ್ಲ.

ಗುರುವಾರ ಪತ್ರಿಕೆ ಬಂತು. ಮಧ್ಯಾಹ್ನದೊಳಗೆ ಆ ಪುಟದ ಫೋಟೊ ಎರಡೂ ತಾಲ್ಲೂಕಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿತ್ತು. ಸ್ಟಾಫ್ ರೂಮಿನಲ್ಲಿ ನಮ್ಮ ಸಹೋದ್ಯೋಗಿಯೊಬ್ಬರು ಅದನ್ನು ಓದಿ, “ಶಿವಯೋಗಿ ನೋಡಿ ಬಂದಾರಂದ್ರೆ ಮುಗೀತು ಬಿಡ್ರಿ” ಎಂದರು. ನಾನೂ ತಲೆ ಆಡಿಸಿದೆ. ಅವರು ಆಸ್ಪತ್ರೆಯಲ್ಲಿರುವುದು ನನಗೆ ಗೊತ್ತಿತ್ತು. ಆದರೂ ಆ ಕ್ಷಣಕ್ಕೆ ಹೊಳೆಯಲಿಲ್ಲ. ಸೋಮವಾರದ ಹೊತ್ತಿಗೆ ಇಲಾಖೆಯಿಂದ ಈಶ್ವರಮ್ಮನಿಗೆ, ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರಬಾರದು ಎಂದು ಕಾಗದ ಬಂತು.

ಚೌಡೇಶ್ವರಿ ಮನೆಗೆ ಬಂದು ಎದ್ದು ಕೂರುವಷ್ಟಾಗಲು ಒಂದು ತಿಂಗಳು ಹಿಡಿಯಿತು. ಜುಲೈ ಕೊನೆಯ ಒಂದು ಬೆಳಿಗ್ಗೆ ಅವರು ತಾವು ಓದದೆ ಉಳಿದಿದ್ದ ಸಂಚಿಕೆಗಳನ್ನು ತರಿಸಿಕೊಂಡು ಹಾಸಿಗೆಯ ಮೇಲೆ ಹರಡಿಕೊಂಡಿದ್ದರು. ನಾನು ಅವರನ್ನು ನೋಡಲೆಂದು ಹೋಗಿದ್ದೆ. ಶಿವಯೋಗಿ ಅಡುಗೆಮನೆಯಲ್ಲಿ ಉಪ್ಪಿಲ್ಲದ ಗಂಜಿ ಕಾಯಿಸುತ್ತಿದ್ದರು.

“ರೀ” ಎಂದು ಕರೆದರು ಚೌಡೇಶ್ವರಿ. “ಈ ಮೊಟ್ಟೆ ಸುದ್ದಿ ಜೂನ್ ಇಪ್ಪತ್ತನೇ ತಾರೀಕಿಂದು. ಯಾವಾಗ ಹೋಗಿ ನೋಡಿದ್ರಿ ಇದನ್ನ?”

ಒಳಗೆ ಸೌಟಿನ ಸದ್ದು ನಿಂತಿತು.

“ಆ ವಾರ ಪೂರ್ತಿ ನನ್ನ ಪಕ್ಕಾನೇ ಇದ್ರಲ್ಲ.”

ಶಿವಯೋಗಿ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತರು. “ಫೋನ್ ಮಾಡಿ ಕೇಳಿದ್ದೆ” ಎಂದರು.

“ಫೋನ್ ಮಾಡಿದ್ದು ಅಂತ ಹಾಕಿಲ್ಲ ಇಲ್ಲಿ.” ಚೌಡೇಶ್ವರಿ ಪತ್ರಿಕೆಯನ್ನು ಮಡಚಿ ದಿಂಬಿನ ಪಕ್ಕ ಇಟ್ಟರು. ಮೆಲ್ಲಗೆ ಹೇಳಿದರು: “ಹೋಗಿ ನೋಡ್ಕೊಂಡು ಬರ್ರಿ. ನಾಳೆನೇ ಹೋಗ್ರಿ. ನನ್ನ ಹತ್ರ ಮೇಷ್ಟ್ರ ಮನೆಯವರು ಬಂದು ಕೂತಿರ್ತಾರೆ.”

ನಾನು ಹೊರಡುವಾಗ ಶಿವಯೋಗಿ ಗೇಟಿನ ತನಕ ಬಂದರು. ನಾಗೇಶ ಅಭ್ಯಾಸದಿಂದ ಆ ಸಾಲು ಹಾಕಿಬಿಟ್ಟಿರಬೇಕು, ನೀವೇನು ಮಾಡೋಕಾಗುತ್ತಿತ್ತು ಎಂದೆ. ಅವರು ನನ್ನ ಮುಖ ನೋಡಲಿಲ್ಲ.

“ಪುಟ ಅಚ್ಚಿಗೆ ಹೋಗೋ ಮೊದ್ಲು ನನಗೆ ಕಳಿಸಿದ್ದ, ಮೇಷ್ಟ್ರೇ. ಆ ಸಾಲು ನಾನು ನೋಡ್ದೆ. ತೆಗಿ ಅಂತ ಹೇಳ್ಬೇಕು ಅನ್ಕೊಂಡೆ. ಅಷ್ಟ್ರಾಗ ನರ್ಸ್ ಕರೆದ್ರು, ಹೋದೆ. ಆಮೇಲೆ ಹೇಳ್ಬೋದಿತ್ತು. ಹೇಳ್ಲಿಲ್ಲ. ಇರ್ಲಿ ಅನ್ನಿಸ್ತು.”

ಮರುದಿನ ಅವರು ಸೊರಬಕ್ಕೆ ಹೋಗಿ, ಅಲ್ಲಿಂದ ಚಂದ್ರಗುತ್ತಿ ಬಸ್ಸು ಹಿಡಿದು, ಒಳಗಿನ ಊರುಗಳ ಬಸ್ಸು ತಪ್ಪಿದ್ದರಿಂದ ಕೊನೆಗೆ ಮಳೆಯಲ್ಲಿ ಎರಡು ಕಿಲೋಮೀಟರ್ ನಡೆದು ಆ ಊರು ಸೇರಿದರು. ಅಲ್ಲಿ ನಡೆದದ್ದನ್ನು ಆ ವಾರವೇ ನನಗೆ ಒಂದೊಂದು ಮಾತೂ ಬಿಡದೆ ಹೇಳಿದ್ದಾರೆ.

ಮೊದಲು ಹೋದದ್ದು ಫೋಟೊದಲ್ಲಿದ್ದ ಅಂಗಡಿಗೆ. ಅಂಗಡಿಯ ಹನುಮಂತಪ್ಪ ಅರವತ್ತು ದಾಟಿದವರು. ಶಿವಯೋಗಿ ಹೆಸರು ಹೇಳಿದೊಡನೆ ತಕ್ಕಡಿ ಕೆಳಗಿಟ್ಟರು.

“ಆ ಮೊಟ್ಟೆ ನಾನೇ ಕೊಟ್ಟಿದ್ದು ಸ್ವಾಮಿ. ಅಂಗನವಾಡಿಗೆ ಮೊಟ್ಟೆ ನನ್ನ ಅಂಗಡಿಯಿಂದ್ಲೇ ಹೋಗೋದು. ಆ ಸಲ ಎರಡು ಟ್ರೇ ಕೆಟ್ಟಿತ್ತು. ಒಡೆದ್ರೆ ವಾಸನೆ. ಮಕ್ಕಳಿಗೆ ಇದನ್ನ ಕೊಡೋದಿಲ್ಲ ಅಂತ ಈಶ್ವರಮ್ಮ ವಾಪಸ್ ತಂದಿಟ್ಲು. ನಾನು ಬೇರೆ ಎರಡು ಟ್ರೇ ಕೊಟ್ಟು ಕಳಿಸ್ದೆ. ಯಾವನೋ ರಸ್ತೆಯಿಂದ ಫೋಟೊ ಹೊಡ್ಕೊಂಡು ಹೋದ.”

“ಇದನ್ನ ಯಾರಿಗೂ ಹೇಳ್ಲಿಲ್ವಾ ನೀವು?”

“ಹೇಳ್ದೆ. ಯಾರು ಕೇಳ್ತಾರೆ. ಪೇಪರ್ನೋರು ಬಂದು ನೋಡಿ ಬರ್ದಿದಾರೆ, ನೀನು ವ್ಯಾಪಾರ ಮಾಡೋನು, ಅವಳ ಪರ ಮಾತಾಡ್ತೀಯ ಅಂದ್ರು.” ಹನುಮಂತಪ್ಪ ಅವರನ್ನೇ ನೋಡುತ್ತಾ ಕೇಳಿದರು: “ನೀವು ಯಾವತ್ತು ಬಂದಿದ್ರಿ? ನಾನು ದಿನಾ ಅಂಗಡಿಯಲ್ಲೇ ಇರ್ತೀನಿ. ನನಗೆ ಕಾಣ್ಲಿಲ್ವಲ್ಲ.”

ಶಿವಯೋಗಿ ಬಂದಿರಲಿಲ್ಲ ಎಂದರು.

ಈಶ್ವರಮ್ಮನ ಮನೆ ಊರಿನ ಕೊನೆಗಿತ್ತು. ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ಅತ್ತೆಯೂ ಕಾಲೇಜಿಗೆ ಹೋಗುವ ಮಗಳು ಮೇಘನಾಳೂ ಮನೆಯಲ್ಲಿದ್ದರು. ಆಕೆ ಆ ಊರಿನ ಅಂಗನವಾಡಿಯಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದ್ದರು. ಆಕೆಯಿಂದ ಅಕ್ಷರ ಕಲಿತವರ ಮಕ್ಕಳು ಈಗ ಅಲ್ಲಿಗೆ ಬರತೊಡಗಿದ್ದರು.

ಶಿವಯೋಗಿ ಅಂಗಳದಲ್ಲೇ ನಿಂತು ತಾವು ಯಾರೆಂದು ಹೇಳಿದರು. ಈಶ್ವರಮ್ಮ ಒಳಗೆ ಹೋಗಿ ಒಂದು ಚೊಂಬು ನೀರು ತಂದು ಜಗುಲಿಯ ಮೇಲಿಟ್ಟರು. ಕುಳಿತುಕೊಳ್ಳಿ ಎನ್ನಲಿಲ್ಲ.

“ಅವತ್ತೇ ಬಂದಿದ್ರೆ ಆ ಮೊಟ್ಟೆ ಒಡೆದು ತೋರಿಸ್ತಿದ್ದೆ ಸಾರ್” ಎಂದರು.

ಅಂಗಳದ ಮೂಲೆಯಲ್ಲಿ ಬಿದಿರಿನ ಕೋಳಿಗೂಡು ಖಾಲಿ ಬಿದ್ದಿತ್ತು. ಶಿವಯೋಗಿಯವರ ಕಣ್ಣು ಅಲ್ಲಿ ನಿಂತದ್ದನ್ನು ಆಕೆ ಗಮನಿಸಿದರು.

“ಎಂಟು ಕೋಳಿ ಇದ್ವು. ಎಲ್ಲ ತಂಗಿ ಮನೆಗೆ ಕೊಟ್ಬಿಟ್ಟೆ. ಅತ್ತೆಗೆ ದಿನಾ ಒಂದು ಮೊಟ್ಟೆ ಬೇಯಿಸಿ ಕೊಡ್ತಿದ್ದೆ, ಡಾಕ್ಟ್ರು ಹೇಳಿದ್ರು ಅಂತ. ಈಗ ಮನೇಲಿ ಮೊಟ್ಟೆ ಸಿಪ್ಪೆ ಕಂಡ್ರೆ ಜನ ಏನಂತಾರೆ? ನಮ್ಮತ್ತೇನೇ ಬೇಡ ಅಂದ್ರು.” ಸೆರಗಿನಿಂದ ಕೈ ಒರೆಸಿಕೊಂಡು ಮುಂದುವರಿಸಿದರು: “ಮೊದಮೊದಲು ನಾನು ಎಲ್ಲರ ಮನೆಗೂ ಹೋಗಿ ಹೇಳ್ದೆ. ಕೇಳಿಸ್ಕೊಂಡ್ರು. ಆಮೇಲೆ ಒಬ್ಬಳು ಪೇಪರ್ ತಂದು ಕೆಳಗಿನ ಸಾಲು ತೋರಿಸಿದ್ಲು. ಇದಕ್ಕೇನಂತೀಯ ಅಕ್ಕ ಅಂದ್ಲು. ಅವಳಿಗೆ ಓದೋಕೆ ಕಲಿಸಿದ್ದು ನಾನೇ ಸಾರ್.”

ಹೆಂಡತಿ ಆಸ್ಪತ್ರೆಯಲ್ಲಿದ್ದಳು ಎಂಬುದನ್ನು ಶಿವಯೋಗಿ ಆಕೆಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದಾಗ, “ಹೇಳಿದ್ರೆ ಆಯಮ್ಮ ಪಾಪ ಅಂತಿದ್ಲು. ಅವಳ ಕೈಲಿ ಪಾಪ ಅನ್ನಿಸ್ಕೊಳೋಕೆ ಹೋಗಿರ್ಲಿಲ್ಲ ನಾನು” ಎಂದರು.

ಆಗಸ್ಟ್ ಒಂದರ ಸಂಚಿಕೆಗೆ ತಿದ್ದುಪಡಿ ಬರೆದರು. ಒಳಪುಟದಲ್ಲಿ ಸಣ್ಣದಾಗಿ ‘ವಿಷಾದಿಸುತ್ತೇವೆ’ ಎಂದು ಹಾಕಿದರೆ ಸಾಕು ಎಂದು ನಾನು ಹೇಳಿದೆ. ಆ ಸಲಹೆಗಾಗಿ ನನಗೆ ಈಗಲೂ ನಾಚಿಕೆಯಿದೆ. ವಕೀಲ ಸ್ನೇಹಿತರೊಬ್ಬರು, ತಪ್ಪು ಒಪ್ಪಿಕೊಂಡರೆ ನಾಳೆ ಕೋರ್ಟಿಗೆ ಎಳೆಯುತ್ತಾರೆ ಎಂದು ಎಚ್ಚರಿಸಿದರು. ಗುರುಪ್ರಕಾಶ್ ಸೊರಬದಿಂದ ಬಂದು, “ಜನ ಆಡ್ಕೊಂಡಿದ್ದನ್ನ ಕಳಿಸ್ದೆ ಸಾರ್, ನೋಡ್ಕೊಳ್ಳೋದು ನಿಮ್ಮ ಕೆಲ್ಸ ಅಲ್ವಾ” ಎಂದು ಸಿಟ್ಟಿನಿಂದ ಕೇಳಿದ. ಶಿವಯೋಗಿ, “ಹೌದಪ್ಪ, ನನ್ನ ಕೆಲ್ಸನೇ” ಎಂದರು. ಅವನು ಮತ್ತೆ ಬರಲಿಲ್ಲ.

ತಿದ್ದುಪಡಿ ಮೊದಲ ಪುಟದಲ್ಲಿ, ಹಿಂದಿನ ಸುದ್ದಿ ಬಂದಿದ್ದ ಜಾಗದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬಂತು. ಚೌಡೇಶ್ವರಿ ಅದನ್ನು ಎರಡು ಸಲ ಓದಿ ಒಂದು ಕಡೆ ಮಾತ್ರ ತಿದ್ದಿದ್ದರು. ‘ಮಾಹಿತಿಯ ಕೊರತೆಯಿಂದ’ ಎಂದಿದ್ದುದನ್ನು ಹೊಡೆದು ‘ಹೋಗಿ ನೋಡದೆ’ ಎಂದು ಬರೆದಿದ್ದರು. ಅಚ್ಚಾದದ್ದು ಹೀಗೆ:

‘ಜೂನ್ ಇಪ್ಪತ್ತರ ಸಂಚಿಕೆಯಲ್ಲಿ ಈಶ್ವರಮ್ಮನವರು ಮಕ್ಕಳ ಮೊಟ್ಟೆ ಮಾರಿದರೆಂದು ಬರೆದದ್ದು ಸುಳ್ಳು. ಅವರು ಕೆಟ್ಟ ಮೊಟ್ಟೆಗಳನ್ನು ಅಂಗಡಿಗೆ ಹಿಂದಿರುಗಿಸಿ ಒಳ್ಳೆಯದನ್ನು ತಂದಿದ್ದರು. ನಾನು ಅದನ್ನು ಹೋಗಿ ನೋಡದೆ ಬರೆದೆ. ನೋಡಿ ಬರೆದದ್ದು ಎಂದು ಕೆಳಗೆ ಹಾಕಿದ್ದು ಇನ್ನೂ ದೊಡ್ಡ ಸುಳ್ಳು. ಈ ಎರಡು ತಪ್ಪೂ ನನ್ನವೇ. — ಶಿವಯೋಗಿ, ಸಂಪಾದಕ.’

ಅಂದಿನಿಂದ ಆ ಸಾಲು ಪತ್ರಿಕೆಯಲ್ಲಿ ಬರಲಿಲ್ಲ.

ಆ ಗುರುವಾರ ಒಂದು ಕಟ್ಟನ್ನು ತಾವೇ ಹೊತ್ತುಕೊಂಡು ಆ ಊರಿಗೆ ಹೋಗಿ ಮನೆಮನೆಗೆ ಹಂಚಿದರು. ಓದಲು ಬಾರದವರಿಗೆ ಓದಿ ಹೇಳಿದರು. “ಮೊಟ್ಟೆದಾ? ಅದು ಹಳೇದಾಯ್ತಲ್ಲ” ಎಂದರು ಕೆಲವರು. ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಹಿಂದಿನಿಂದ ಒಬ್ಬ, “ಎಷ್ಟು ಕೊಟ್ಲಂತೆ ಇದನ್ನ ಹಾಕ್ಸೋಕೆ?” ಎಂದು ಪಕ್ಕದವನನ್ನು ಕೇಳಿದ್ದು ಅವರ ಕಿವಿಗೆ ಬಿತ್ತು. ಸುಳ್ಳು ಸುದ್ದಿಯ ಪುಟ ಸಾವಿರಾರು ಮೊಬೈಲುಗಳಿಗೆ ಹೋಗಿತ್ತು. ಈ ಪುಟದ ಫೋಟೊವನ್ನು ನಾನೇ ನಾಲ್ಕು ಗುಂಪುಗಳಿಗೆ ಕಳಿಸಿದೆ. ಒಬ್ಬರು ಹೆಬ್ಬೆರಳು ತೋರಿಸಿದರು, ಅಷ್ಟೇ.

ವಿಚಾರಣೆಗೆ ತಾವೇ ಸಾಕ್ಷಿಯಾಗಿ ಬರುತ್ತೇನೆಂದು ಇಲಾಖೆಗೆ ಬರೆದುಕೊಟ್ಟರು. ಹನುಮಂತಪ್ಪನವರ ಹೇಳಿಕೆಯನ್ನೂ ಜೊತೆಗಿಟ್ಟರು. ವಿಚಾರಿಸಬೇಕಿದ್ದ ಅಧಿಕಾರಿಗೆ ವರ್ಗವಾಯಿತು. ಹೊಸಬರು ಬರುವುದು ತಡವಾಯಿತು. ಕೊನೆಗೆ ಮರುವರ್ಷದ ಮಾರ್ಚ್ ಕೊನೆಗೆ ದಿನ ಗೊತ್ತಾಯಿತು. ಆ ದಿನ ಬರುವ ಮುಂಚೆ ದೇಶವೇ ಬಾಗಿಲು ಹಾಕಿಕೊಂಡಿತು.

ಲಾಕ್‌ಡೌನ್‌ನಲ್ಲಿ ಬಸ್ಸಿಲ್ಲ. ಪತ್ರಿಕೆಯವರೆಂದು ಸಿಕ್ಕ ಪಾಸಿನಲ್ಲಿ, ನಾಗೇಶನ ಹಳೆಯ ವ್ಯಾನಿನಲ್ಲಿ, ಹೆಂಡತಿಯನ್ನು ಶಿವಮೊಗ್ಗಕ್ಕೆ ಕರೆದೊಯ್ಯುತ್ತಿದ್ದರು. ಖಾಲಿ ರಸ್ತೆ. ಚೌಡೇಶ್ವರಿ ಹಿಂದಿನ ಸೀಟಿನಲ್ಲಿ ಮಲಗಿರುತ್ತಿದ್ದರು. ಮೇ ಮೊದಲ ವಾರದ ಒಂದು ಮಧ್ಯಾಹ್ನ, ಹಿಂದಿರುಗುವಾಗ, ಗಂಡನನ್ನು ಕೇಳಿದರಂತೆ: “ಈಶ್ವರಮ್ಮಂದು ಏನಾಯ್ತು?”

“ಇನ್ನೂ ಆಗಿಲ್ಲ.”

“ಬಿಡಬೇಡ್ರಿ ಅದನ್ನ.”

ಎರಡು ದಿನಕ್ಕೆ ಅವರು ತೀರಿಕೊಂಡರು. ಸುಷ್ಮಿತಾ ದಾವಣಗೆರೆಯಿಂದ ಅನುಮತಿ ಪಡೆದು ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಮಣ್ಣು ಮಾಡಲು ಸೇರಿದ್ದು ಒಂಬತ್ತು ಜನ. ಶಿಕಾರಿಪುರದಲ್ಲಿ ಯಾರು ಸತ್ತರೂ ಶಿವಯೋಗಿ ಹೋಗಿ ನಿಂತವರು, ಹೆಸರು, ಬಳಗ ಕೇಳಿ ಬರೆದು ಹಾಕಿದವರು. ಅವರ ಮನೆಯ ಸಾವಿಗೆ ಬರಲು ಯಾರಿಗೂ ದಾರಿಯಿರಲಿಲ್ಲ.

ಜೂನ್‌ನಲ್ಲಿ ಪತ್ರಿಕೆ ಮತ್ತೆ ಶುರುವಾದಾಗ ನಿಧನವಾರ್ತೆ ಬರೆಯಲು ಅವರಿಂದ ಆಗಲಿಲ್ಲ. ನಾನು ಬರೆದುಕೊಟ್ಟೆ. ಅಚ್ಚಾದ ಮೇಲೆ ನೋಡಿದರೆ, ಐವತ್ತೆರಡು ಎಂದಿರಬೇಕಾದ ಜಾಗದಲ್ಲಿ ಅಂಕಿ ತಿರುವುಮುರುವಾಗಿ ‘ಚೌಡೇಶ್ವರಿ (೨೫)’ ಎಂದು ಬಿದ್ದಿತ್ತು. ಕರಡನ್ನು ಯಾರೂ ಓದಿರಲಿಲ್ಲ. ನಾನು ಓದಿದ್ದೆ ಎಂದು ಅವರು ತಿಳಿದಿದ್ದರು, ಅವರು ಓದಿರುತ್ತಾರೆ ಎಂದು ನಾನು. ನಾನು ಕಚೇರಿಗೆ ಹೋದಾಗ ಅವರು ಆ ಅಂಕಿಯ ಮೇಲೆ ಬೆರಳಿಟ್ಟುಕೊಂಡು ಕುಳಿತಿದ್ದರು.

“ಮದುವೆಯಾದಾಗ ಇದಕ್ಕಿಂತ ಎರಡು ವರ್ಷ ಚಿಕ್ಕೋಳು” ಎಂದರು. ಮುಂದಿನ ವಾರ ಆ ತಪ್ಪಿಗೂ ತಿದ್ದುಪಡಿ ಹಾಕಿದರು.

ಈಶ್ವರಮ್ಮನ ವಿಚಾರಣೆ ಮುಗಿದು ಆದೇಶ ಬಂದದ್ದು ಎರಡು ಸಾವಿರದ ಇಪ್ಪತ್ತೊಂದರ ನವೆಂಬರ್‌ನಲ್ಲಿ. ತಪ್ಪಿಲ್ಲವೆಂದು ಸಾಬೀತಾಗಿ ಕೆಲಸ ಮರಳಿ ಸಿಕ್ಕಿತು. ಆದರೆ ಸ್ವಂತ ಊರಿನ ಅಂಗನವಾಡಿಗೆ ಆ ಹೊತ್ತಿಗೆ ಬೇರೆಯವರು ಬಂದಿದ್ದರು. ಹನ್ನೆರಡು ಕಿಲೋಮೀಟರ್ ದೂರದ ಇನ್ನೊಂದು ಊರಿನಲ್ಲಿ ಜಾಗ ಕೊಟ್ಟರು. ಶಿವಯೋಗಿ ಆ ಸುದ್ದಿಯನ್ನೂ ಮೊದಲ ಪುಟದಲ್ಲಿ ಹಾಕಿ, ಪತ್ರಿಕೆ ಹಿಡಿದು ಹೊರಟರು. ಅಂದು ನನ್ನನ್ನೂ ಕರೆದುಕೊಂಡು ಹೋದರು. ಬೆಳಿಗ್ಗೆ ಎಂಟರ ಸುಮಾರಿಗೆ ಈಶ್ವರಮ್ಮ ಊರಿನ ಬಸ್ ತಂಗುದಾಣದಲ್ಲಿ, ಊಟದ ಡಬ್ಬಿಯ ಚೀಲ ಹಿಡಿದು, ಬಸ್ಸಿಗೆ ಕಾಯುತ್ತಿದ್ದರು.

ಪತ್ರಿಕೆ ತೆಗೆದುಕೊಂಡು, ಬಿಡಿಸದೆ, ಚೀಲಕ್ಕೆ ಹಾಕಿಕೊಂಡರು.

“ಅಮ್ಮಾ” ಎಂದರು ಶಿವಯೋಗಿ.

ಈಶ್ವರಮ್ಮನೇ ಹೇಳಿದರು. “ನಿಮ್ಮ ಮನೆಯವರು ತೀರ್ಕೊಂಡ್ರು ಅಂತ ಆಮೇಲೆ ಗೊತ್ತಾಯ್ತು ಸಾರ್. ಆ ಸುದ್ದಿ ಬರೆದಾಗ ಅವ್ರು ಆಸ್ಪತ್ರೆಯಲ್ಲಿದ್ರಂತೆ. ನೀವು ಬಂದಾಗ ಹೇಳ್ಲೇ ಇಲ್ಲ.” ಚೀಲವನ್ನು ಇನ್ನೊಂದು ಕೈಗೆ ತೆಗೆದುಕೊಂಡರು. “ಕ್ಷಮಿಸಿದೀನಿ ಅಂದ್ರೆ ನಿಮಗೆ ಸಮಾಧಾನ ಆಗುತ್ತೆ ಅಂದ್ರೆ ಹೇಳ್ತೀನಿ. ಆದ್ರೆ ದಿನಾ ಬೆಳಿಗ್ಗೆ ನಮ್ಮೂರ ಮಕ್ಕಳು ಅಂಗನವಾಡಿಗೆ ಹೋಗೋದನ್ನ ನೋಡ್ತಾ ಇಲ್ಲಿ ನಿಂತಿರ್ತೀನಲ್ಲ, ಆವಾಗ ಅನ್ನಿಸೋದೇ ಬೇರೆ.”

“ಹೇಳಬೇಡಿ ತಾಯಿ” ಎಂದರು ಶಿವಯೋಗಿ. “ಅನ್ನಿಸದೆ ಇರೋದನ್ನ ಹೇಳಬೇಡಿ.”

ಬಸ್ಸು ಬಂತು. ಆಕೆ ಹತ್ತಿ ಹೋದರು.

ಆ ವರ್ಷದ ಡಿಸೆಂಬರ್‌ನಲ್ಲಿ ‘ನೆರೆಹೊರೆ’ ನಿಂತಿತು. ಜಾಹೀರಾತು ಇರಲಿಲ್ಲ, ಮೊಣಕಾಲು ನೋವು ಹೆಚ್ಚಾಗಿತ್ತು, ಓದುವವರೆಲ್ಲ ಮೊಬೈಲಿಗೆ ಹೋಗಿದ್ದರು. ಜನ ಹೇಳುವ ಕಾರಣಗಳು ಇವೇ. ನನಗೆ ಅವರು ಹೇಳಿದ್ದು ಬೇರೆ. ಬರೆದದ್ದನ್ನು ಓದುವಾಗ ತಮಗೇ ನಂಬಿಕೆ ಬರುತ್ತಿಲ್ಲ, ಕಣ್ಣಾರೆ ಕಂಡದ್ದೂ ಕಂಡಿದ್ದೇನೋ ಇಲ್ಲವೋ ಅನ್ನಿಸುತ್ತದೆ ಎಂದಿದ್ದರು. ಸುಷ್ಮಿತಾ ದಾವಣಗೆರೆಗೆ ಬಂದಿರು ಎಂದು ಕರೆದಳು. ಹೋಗಿ ಹದಿನೈದು ದಿನ ಇದ್ದು ವಾಪಸ್ ಬಂದರು.

ಪತ್ರಿಕೆ ನಿಂತರೂ ಜನ ಅವರ ಮನೆಗೆ ಬರುವುದು ನಿಲ್ಲಲಿಲ್ಲ. ವಿಧವಾ ವೇತನ ನಿಂತವರು, ಪಹಣಿಯಲ್ಲಿ ಹೆಸರು ತಪ್ಪಾದವರು ಬರುತ್ತಿದ್ದರು. ಶಿವಯೋಗಿ ಬಸ್ಸು ಹತ್ತಿ ಅವರವರ ಊರಿಗೆ ಹೋಗಿ ನೋಡಿ ಬಂದು, ಬಿಳಿ ಹಾಳೆಯ ಮೇಲೆ ಅರ್ಜಿ ಬರೆದುಕೊಡುತ್ತಿದ್ದರು. ಹೆಸರು ಹಾಕುತ್ತಿರಲಿಲ್ಲ. ಅದನ್ನು ನನಗೆ ಓದಲು ಕೊಟ್ಟು, “ತಪ್ಪಿದ್ರೆ ಹಿಡೀರಿ ಮೇಷ್ಟ್ರೇ” ಎನ್ನುತ್ತಿದ್ದರು.

ಎರಡು ಸಾವಿರದ ಇಪ್ಪತ್ತಮೂರರ ನವೆಂಬರ್‌ನಲ್ಲಿ, ಆನವಟ್ಟಿ ಕಡೆಯಿಂದ ಬರುತ್ತಿದ್ದ ಮಧ್ಯಾಹ್ನದ ಬಸ್ಸು ಶಿಕಾರಿಪುರ ನಿಲ್ದಾಣದಲ್ಲಿ ನಿಂತಾಗ ಎಲ್ಲರೂ ಇಳಿದರು, ಅವರು ಇಳಿಯಲಿಲ್ಲ. ನಿದ್ದೆ ಹತ್ತಿದೆ ಎಂದುಕೊಂಡು ಕಂಡಕ್ಟರ್ ಭುಜ ಮುಟ್ಟಿ ಎಬ್ಬಿಸಲು ನೋಡಿದ. ಹೃದಯ ನಿಂತು ಅರ್ಧ ಗಂಟೆಯಾದರೂ ಆಗಿರಬೇಕು ಎಂದರು ವೈದ್ಯರು. ಅವರ ಜೇಬಿನಲ್ಲಿದ್ದ ಚೀಟಿಯಲ್ಲಿ ನನ್ನ ಫೋನ್ ನಂಬರ್ ಇದ್ದುದರಿಂದ ನನಗೇ ಮೊದಲು ತಿಳಿಯಿತು. ಮಣ್ಣಿಗೆ ಎರಡೂ ತಾಲ್ಲೂಕಿನಿಂದ ಜನ ಬಂದಿದ್ದರು. ಹನುಮಂತಪ್ಪನವರೂ ಬಂದಿದ್ದರು. ಈಶ್ವರಮ್ಮ ಬರಲಿಲ್ಲ. ಬರಬೇಕೆಂದು ಯಾರೂ ಅಂದುಕೊಂಡಿರಲೂ ಇಲ್ಲ.

ಮರುದಿನ ಸುಷ್ಮಿತಾ ತಂದೆಯ ಕೈಚೀಲ ತೆಗೆದು ನನ್ನ ಮುಂದಿಟ್ಟಳು. ಅದರಲ್ಲಿ ಅರ್ಧ ಬರೆದ ಒಂದು ಅರ್ಜಿ ಇತ್ತು. ಆನವಟ್ಟಿ ಹತ್ತಿರದ ಒಂದು ಕೇರಿಯ ಕೈಪಂಪು ಕೆಟ್ಟು ಏಳು ತಿಂಗಳಾಗಿದೆ, ಹದಿನಾಲ್ಕು ಮನೆಯ ಹೆಂಗಸರು ಕೆರೆಯ ನೀರು ತರುತ್ತಿದ್ದಾರೆ ಎಂದು ಬರೆದು, ಮುಂದಿನ ಸಾಲಿನ ನಡುವೆ ನಿಲ್ಲಿಸಿದ್ದರು.

“ಮಾವ, ಇದನ್ನೇನು ಮಾಡೋದು?” ಎಂದು ಕೇಳಿದಳು.

ನಾನು ಆ ಕೇರಿಗೆ ಹೋಗಿ, ಮನೆಗಳನ್ನು ಎಣಿಸಿ, ಅರ್ಜಿ ಪೂರ್ತಿ ಮಾಡಿ ಕೊಟ್ಟು ಬಂದೆ. ಪಂಪು ಇನ್ನೂ ದುರಸ್ತಿಯಾಗಿಲ್ಲ. ಕಳೆದ ವಾರ ಎರಡನೆಯ ಅರ್ಜಿ ಕೊಟ್ಟಿದ್ದೇನೆ.